ಕಟ್ಟದೆ ಬಿಟ್ಟ ಅಂಚು

ಮಡಿಕೇರಿ
13 ಜನವರಿ 2025

ಪ್ರೀತಿಯ ರಂಜಿತಾ,

ನಿಮ್ಮ ಕಾಫಿ ಎಸ್ಟೇಟಿನ ಲೈನ್ ಮನೆಯಿಂದ ನಿನ್ನೆ ಸಂಜೆ ಹೊರಟವಳಿಗೆ ಇನ್ನೂ ಕೋಪ ಇಳಿದಿಲ್ಲ. ಯಾರ ಮೇಲೆ ಎಂದು ಕೇಳಬೇಡ. ಎಲ್ಲರ ಮೇಲೆ!

ಈ ಕಾಗದದ ಹಿಂಬದಿಯಲ್ಲಿ ಏನೋ ಅಚ್ಚಾಗಿದೆ, ಬೇಕಾದರೆ ಅದನ್ನೂ ಓದು. ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಮಸಿ ಹರಡಿ ಹಾಳಾದ ಕರಪತ್ರಗಳನ್ನು ಎಸೆಯುತ್ತಾರೆ. ಎಸೆಯುವ ಮೊದಲು ನಾನು ಓದುತ್ತೇನೆ, ಓದಿದ ಮೇಲೆ ಹಿಂದೆ ಬರೆಯುತ್ತೇನೆ. ನನ್ನ ಓದೆಲ್ಲ ಹೀಗೇ ಆದದ್ದು. ನಿಮ್ಮ ಎಸ್ಟೇಟಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲದಿರುವುದು ಒಳ್ಳೆಯದೇ ಆಯಿತು. ಕೈಕೆಲಸದ ಬಗ್ಗೆ ಕೈಯಲ್ಲೇ ಬರೆಯಬೇಕು.

ನಿನ್ನ ಅಜ್ಜಿ ಮುಂಡುಗದ ಓಲೆಯ ಮುಳ್ಳು ತೆಗೆಯುವುದನ್ನು ನೋಡಿದೆ. ನೋಡದೆಯೇ ತೆಗೆಯುತ್ತಾರೆ! ಬೆರಳಿಗೆ ಕಣ್ಣಿದ್ದ ಹಾಗೆ. ಆ ಓಲೆಯಿಂದ ಅಂಥ ಚಾಪೆ ನೇಯುವ ಚೋಮಿ ಅಜ್ಜಿ ತಾವು ಮಲಗುವುದು ಗೋಣಿಚೀಲದ ಮೇಲೆ. ಪಕ್ಕದ ಮನೆಗಳಲ್ಲೆಲ್ಲ ನವಿಲಿನ ಚಿತ್ರದ ಪ್ಲಾಸ್ಟಿಕ್ ಚಾಪೆ. ಇದನ್ನು ಕಂಡು ಯಾರಿಗೂ ಆಘಾತವಾಗುವುದಿಲ್ಲವೇ? ನನಗೆ ಆಯಿತು.

ಕಳೆದ ವರ್ಷ ಒಂದು ಕರಪತ್ರದಲ್ಲಿ ಓದಿದ್ದೆ, ಒಂದು ವಸ್ತುವನ್ನು ತನ್ನ ಕೈಯಿಂದಲೇ ಮಾಡಿ ಮುಗಿಸಿದ ದಿನ ಮನುಷ್ಯನಿಗೆ ಬಿಡುಗಡೆ ಎಂದು. ನಾನು ಇಲ್ಲಿಯವರೆಗೆ ಏನನ್ನೂ ಮುಗಿಸಿಲ್ಲ. ಸ್ವೆಟರಿಗೆ ಒಂದೇ ತೋಳು ಬಂದಿದೆ. ಅದಕ್ಕೇ ಕೈಕೆಲಸದವರ 'ಕೈ ಬಳಗ' ಶುರು ಮಾಡಿದ್ದು. ಮುಂದಿನ ತಿಂಗಳು ಮಡಿಕೇರಿಯಲ್ಲಿ ನಮ್ಮ ಮೊದಲ ಪ್ರದರ್ಶನ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಒಲೆಯ ಮೇಲಿನ ಅಟ್ಟದಲ್ಲಿ ಸುತ್ತಿಟ್ಟ ಒಂದು ಚಾಪೆ ಇದೆಯಲ್ಲ, ಹೊಗೆ ಹಿಡಿದು ಜೇನಿನ ಬಣ್ಣಕ್ಕೆ ತಿರುಗಿರುವುದು? ನೀನು ಸೌದೆ ತೆಗೆಯುವಾಗ ಅದರ ತುದಿ ಬಿಚ್ಚಿಕೊಂಡಿತು. ಸಾಲಾಗಿ ಕೆಂಪು ಹೆಜ್ಜೆಗಳು! ನನ್ನ ಮೈ ಜುಮ್ಮೆಂದಿತು. ಅಜ್ಜಿಯನ್ನು ಕೇಳು. ಆ ಚಾಪೆ ನಮಗೆ ಬೇಕೇ ಬೇಕು.

ನಿನ್ನ
ಧನುಶ್ರೀ


ಶ್ರೀಮಂಗಲದ ಹತ್ತಿರ, ಲೈನ್ ಮನೆ
19 ಜನವರಿ 2025

ಧನುಶ್ರೀ ಅಕ್ಕನಿಗೆ ನಮಸ್ಕಾರ.

ಕಾಫಿ ಪಿಕ್ಕಿಂಗ್ ಜೋರಾಗಿದೆ, ಅದಕ್ಕೇ ಬರೆಯುವುದು ತಡವಾಯಿತು. ನಿಮ್ಮ ಕಾಗದವನ್ನು ಅಜ್ಜಿಗೂ ಅಮ್ಮನಿಗೂ ಓದಿ ಹೇಳಿದೆ. ಬೆರಳಿಗೆ ಕಣ್ಣು ಅಂದದ್ದಕ್ಕೆ ಅಜ್ಜಿ ನಕ್ಕಳು. "ಆ ಹುಡುಗಿಗೆ ಹೇಳು, ಮುಖದಲ್ಲಿರೋ ಕಣ್ಣು ಮಂಜಾಗಿದೆ, ಅದಕ್ಕೆ ಬೆರಳಲ್ಲಿ ನೋಡ್ತೀನಿ ಅಂತ."

ಅಟ್ಟದ ಚಾಪೆಯ ಮಾತು ತೆಗೆದಾಗ ಕೈಯ ಓಲೆ ಕೆಳಗಿಟ್ಟಳು.

"ನೋಡೋಕಾ, ತಗೊಳ್ಳೋಕಾ?" ಎಂದಳು.

"ನೋಡೋಕಜ್ಜಿ, ತುಂಬಾ ಜನ ನೋಡ್ತಾರೆ" ಅಂದೆ.

"ನೋಡ್ಲಿ. ಅರವತ್ತು ವರ್ಷ ನೇಯ್ದೆ, ಎಲ್ರೂ ಮೇಲೆ ಕೂತ್ರು, ಯಾರೂ ನೋಡ್ಲಿಲ್ಲ" ಎಂದಳು.

ಅಮ್ಮನಿಗೆ ಇಷ್ಟವಿಲ್ಲ. ಆದರೂ ಅಜ್ಜಿಯ ಮಾತೇ ಮಾತು. ಶನಿವಾರದ ಬೆಳಗಿನ ಬಸ್ಸಿಗೆ ಹಾಕುತ್ತೇನೆ. ಒಂದೇ ಒಂದು ಸಂಗತಿ, ಒಂದು ಬದಿಯ ಅಂಚನ್ನು ಅಜ್ಜಿ ಕಟ್ಟದೆ ಹಾಗೇ ಬಿಟ್ಟಿದ್ದಾಳೆ. ಅದನ್ನು ಮುಟ್ಟಬಾರದಂತೆ. ಯಾಕೆ ಎಂದೂ ಹೇಳಿದಳು. ಅದು ದೊಡ್ಡ ಕಥೆ, ಆಮೇಲೆ ಬರೆಯುತ್ತೇನೆ.

ಅಕ್ಕ, ಬಳಗದಲ್ಲಿ ಪಿಯುಸಿ ಆದವರಿಗೆ ಏನಾದರೂ ಕೆಲಸ ಇರುತ್ತದೆಯೇ?

ನಿಮ್ಮ ತಂಗಿ
ರಂಜಿತಾ


ಮಡಿಕೇರಿ
2 ಫೆಬ್ರವರಿ 2025

ರಂಜಿತಾ,

ಚಾಪೆ ಬಂತು! ವಿರಾಜಪೇಟೆಯಲ್ಲಿ ಬಸ್ ಬದಲಾಗಿ ಬಂತು, ಅಲ್ಲಿಂದ ತಂದ ಕಂಡಕ್ಟರ್ ಅದನ್ನು ಹಿಂದಿನ ಉದ್ದ ಸೀಟಿನ ಮೇಲೆ ಮಲಗಿಸಿದ್ದ. "ಐದು ಜನದ ಟಿಕೆಟ್ ಕೊಡಿ ಮೇಡಂ, ಕಾಲು ಚಾಚ್ಕೊಂಡು ಬಂದಿದೆ" ಎಂದು ತಮಾಷೆ ಮಾಡಿದ.

ಪ್ರೆಸ್ಸಿನ ನೆಲದ ಮೇಲೆ ಹಾಸಿದೆ. ಆಳುದ್ದಕ್ಕಿಂತ ಒಂದು ಮೊಳ ಹೆಚ್ಚು. ಕೆಂಪು ಹೆಜ್ಜೆಗಳೆಲ್ಲ ಒಂದೇ ದಿಕ್ಕಿಗೆ, ಆ ಕಟ್ಟದ ಅಂಚಿನ ಕಡೆಗೆ ಹೋಗುತ್ತವೆ. ನೋಡುತ್ತ ನೋಡುತ್ತ ನನಗೆ ಅರ್ಥವಾಯಿತು. ಇದು ಮೆರವಣಿಗೆ! ದುಡಿಯುವ ಹೆಂಗಸರ ಮೆರವಣಿಗೆ! ಇಂಥದ್ದನ್ನು ಓದು ಬರಹ ಬಾರದ ಒಬ್ಬ ಅಜ್ಜಿ ಒಲೆಯ ಮುಂದೆ ಕೂತು ಕಲ್ಪಿಸಿದ್ದಾರೆ.

ಅಂಚಿನ ಬಗ್ಗೆ ನೀನು ಬರೆದದ್ದನ್ನು ಓದಿ ಬೇಸರವಾಯಿತು. ಮುಟ್ಟಬಾರದಂತೆ! ದಾಟಬಾರದು, ಮುಟ್ಟಬಾರದು, ಸಂಜೆ ಹೊತ್ತು ಮಾಡಬಾರದು. ತಾವೇ ಮಾಡಿದ ಕೆಲಸವನ್ನು ಪೂರ್ತಿ ಮಾಡುವ ಧೈರ್ಯವನ್ನೂ ನಮ್ಮ ಹೆಂಗಸರಿಂದ ಕಿತ್ತುಕೊಂಡಿದ್ದಾರೆ. ಈ ಮೂಢನಂಬಿಕೆಗಳನ್ನೆಲ್ಲ ಸೇರಿಸಿ ನಾನೇ ಒಂದು ಕರಪತ್ರ ಬರೆಯಬೇಕೆಂದಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆದು ಕಳಿಸು, ಆ ದೊಡ್ಡ ಕಥೆಯನ್ನೂ ಸೇರಿಸಿ.

ಕೆಲಸ ಖಂಡಿತ ಇದೆ. ನಿನ್ನಂಥವರಿಗಲ್ಲದೆ ಇನ್ಯಾರಿಗೆ?

ಧನುಶ್ರೀ


ಮಡಿಕೇರಿ
17 ಫೆಬ್ರವರಿ 2025

ರಂಜಿತಾ,

ನಿನ್ನ ಉತ್ತರ ಬರಲಿಲ್ಲ. ಪಿಕ್ಕಿಂಗ್ ಮುಗಿದಿರಲಿಕ್ಕಿಲ್ಲ. ಇರಲಿ, ನನ್ನ ಹತ್ತಿರ ಇರುವ ಸುದ್ದಿ ಕಾಯುವಂಥದ್ದಲ್ಲ.

ಪ್ರದರ್ಶನದಲ್ಲಿ ಎಲ್ಲರೂ ನಿಂತದ್ದು ಅಜ್ಜಿಯ ಚಾಪೆಯ ಮುಂದೆ. ಮಡಿಕೇರಿಯ ಹೊರಗೆ ಹೋಂಸ್ಟೇ ನಡೆಸುವ ಒಬ್ಬರು ಅದನ್ನು ಕೊಂಡುಕೊಂಡರು! ನಾಲ್ಕು ಗೋಡೆಯ ಒಳಗೆ ಹೊಗೆ ಕುಡಿಯುತ್ತಿದ್ದ ಕಲೆ ಇನ್ನು ಬೆಳಕಿನಲ್ಲಿರುತ್ತದೆ. ದುಡ್ಡನ್ನು ನಾನೇ ಬಂದು ಅಜ್ಜಿಯ ಕೈಗೆ ಕೊಡುತ್ತೇನೆ.

ಆದರೆ ನಿಜವಾದ ಸುದ್ದಿ ಇದಲ್ಲ. ಕೊಂಡವರು, ಒಂದು ಬದಿ ಬಿಚ್ಚಿಕೊಂಡ ಹಾಗಿದೆ, ಸರಿ ಮಾಡಿಸಿ ಕೊಡಿ ಎಂದರು. ಯಾರಿಗೋ ಕೊಟ್ಟು ಮಾಡಿಸಬಹುದಿತ್ತು. ಇಲ್ಲ ರಂಜಿತಾ, ನಾನೇ ಕೂತೆ! ಮಾರ್ಕೆಟ್ಟಿನಲ್ಲಿ ಬುಟ್ಟಿ ಮಾರುವ ಹೆಂಗಸೊಬ್ಬಳು ತೋರಿಸಿಕೊಟ್ಟಳು. ಓಲೆಯ ತುದಿಗೆ ನೀರು ಚಿಮುಕಿಸಬೇಕು, ಮೆತ್ತಗಾದ ಮೇಲೆ ಹಿಂದಕ್ಕೆ ಮಡಚಬೇಕು, ಎರಡು ಎಳೆ ಬಿಟ್ಟು ಮೂರನೆಯದರ ಕೆಳಗೆ ತೂರಿಸಬೇಕು. ಮೂರು ಸಂಜೆ ಹಿಡಿಯಿತು. ಬೆರಳ ಸಂದಿಯೆಲ್ಲ ಕುಯ್ದುಹೋಯಿತು. ಕೊನೆಯ ಓಲೆಯನ್ನು ತೂರಿಸಿದಾಗ ನಾನು ಅತ್ತುಬಿಟ್ಟೆ. ಹುಟ್ಟಿದಂದಿನಿಂದ ಇಂಥ ಸಂತೋಷ ನನಗೆ ಗೊತ್ತಿರಲಿಲ್ಲ. ಕರಪತ್ರದಲ್ಲಿ ಬರೆದದ್ದು ಸುಳ್ಳಲ್ಲ.

ಕುಶಾಲನಗರದಿಂದ ಅಮ್ಮ ಫೋನ್ ಮಾಡಿದ್ದಳು. "ಕೊನೆಗೂ ಒಂದ್ ಕೆಲ್ಸ ಮುಗುಸ್ದ್ಯಲ್ಲ ಮಗ! ಇಲ್ಲಿ ನಿನ್ ಸ್ವೆಟರ್ರು ಒಂಟಿ ತೋಳಲ್ಲಿ ನೇತಾಡ್ತೈತೆ, ಯಾವಾಗ್ ಬತ್ತೀಯ?" ಎಂದಳು.

ಅಜ್ಜಿಗೆ ಹೇಳು, ಅವರು ಬಿಟ್ಟದ್ದನ್ನು ನಾನು ಮುಗಿಸಿದ್ದೇನೆ. ಅಂಚು ಕಟ್ಟಿದವಳು ನಾನು!

ಧನುಶ್ರೀ


ಮಡಿಕೇರಿ
3 ಮಾರ್ಚ್ 2025

ರಂಜಿತಾ,

ಎರಡು ವಾರವಾಯಿತು. ಕಾಗದ ಸಿಗಲಿಲ್ಲವೇ? ಅಜ್ಜಿಗೆ ಹುಷಾರಿಲ್ಲವೇ? ಮಾರಿದ್ದಕ್ಕೆ ಬೇಸರವೇ? ಏನಿದ್ದರೂ ಬೈದು ಬರೆ. ಸುಮ್ಮನಿರಬೇಡ.

ಧನುಶ್ರೀ


ಲೈನ್ ಮನೆ
9 ಮಾರ್ಚ್ 2025

ಅಕ್ಕ,

ತಪ್ಪು ನನ್ನದು. ಇದನ್ನು ಮೊದಲು ಬರೆದುಬಿಡುತ್ತೇನೆ, ಆಮೇಲೆ ಬರೆಯಲು ಕೈ ಬರುತ್ತದೋ ಇಲ್ಲವೋ.

ಅದು ಅಜ್ಜಿ ತನ್ನ ಸಾವಿಗೆ ನೇಯ್ದಿಟ್ಟ ಚಾಪೆ. ನಮ್ಮವರಲ್ಲಿ ಸತ್ತವರನ್ನು ಚಾಪೆಯಲ್ಲಿ ಸುತ್ತಿ ಮಣ್ಣಿಗೆ ಇಡುತ್ತೇವೆ. ಅದಕ್ಕೆಂದು ನೇಯುವ ಚಾಪೆಯಲ್ಲಿ ಒಂದು ಅಂಚನ್ನು ಕಟ್ಟುವುದಿಲ್ಲ. ಉಸಿರು ನಿಂತ ದಿನ ಮಕ್ಕಳು ಕೂತು ಆ ಅಂಚನ್ನು ಕಟ್ಟುತ್ತಾರೆ. ಅಂಚು ಕಟ್ಟಿದರೆ ಆ ಮನುಷ್ಯರ ದಿನ ಮುಗಿಯಿತು ಎಂದು.

ನಿಮ್ಮ ಕಾಗದವನ್ನು ಅಂಗಳದಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಅಜ್ಜಿ ಕಾಲು ಚಾಚಿ ಕೂತಿದ್ದಳು. ಅಮ್ಮ ಅಕ್ಕಿ ತೊಳೆಯುತ್ತಿದ್ದಳು. ಮಾರಿದ್ದು ಎಂದು ಓದುವಾಗಲೇ ನಿಲ್ಲಿಸಬೇಕಿತ್ತು. ಆದರೂ ಓದುತ್ತ ಹೋದೆ, ಯಾಕೆ ನಿಲ್ಲಿಸಲಿಲ್ಲವೋ ಗೊತ್ತಿಲ್ಲ. ಅಂಚು ಕಟ್ಟಿದವಳು ನಾನು ಎಂಬಲ್ಲಿಗೆ ಬಂದಾಗ ಅಮ್ಮನ ಕೈಯಿಂದ ಪಾತ್ರೆ ಬಿತ್ತು.

"ಅಯ್ಯೋ, ನನ್ನವ್ವ ಉಸಿರಾಡ್ತಾ ಕೂತಿರುವಾಗ ಯಾವಳೋ ಅಂಚು ಕಟ್ಟಿದಳಲ್ಲಾ! ನಾನು ಸತ್ತಿದ್ನಾ? ಇವಳ ಮಗಳು ಈ ಬೊಳ್ಳಮ್ಮ ಸತ್ತಿದ್ಲಾ?" ಎಂದು ಎದೆ ಬಡಿದುಕೊಂಡಳು.

ಆ ಅಳು ಕೇಳಿ ಲೈನಿನವರೆಲ್ಲ ಓಡಿ ಬಂದರು. ಅಜ್ಜಿ ಸತ್ತಳೆಂದೇ ಬಂದರು. ಬಂದು ನೋಡಿದರೆ ಅಜ್ಜಿ ಕೂತಿದ್ದಾಳೆ, ಕಣ್ಣು ಪಿಳಿಪಿಳಿ ಬಿಡುತ್ತಿದ್ದಾಳೆ. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ.

ಅಂದಿನಿಂದ ಎಲ್ಲರೂ ಅಜ್ಜಿಯ ಹತ್ತಿರ ಮೆಲ್ಲಗೆ ಮಾತಾಡುತ್ತಾರೆ. ಮೂರನೇ ಮನೆಯವರು ಹೋದ ವರ್ಷ ಇಸ್ಕೊಂಡಿದ್ದ ಮೊರವನ್ನು, ಹೋಗುವವರ ಸಾಮಾನು ಇಟ್ಟುಕೊಳ್ಳಬಾರದೆಂದು, ತಂದು ಕೊಟ್ಟು ಹೋದರು. ಪಿಕ್ಕಿಂಗಿಗೆ ಅವಳನ್ನು ಯಾರೂ ಕರೆಯಲಿಲ್ಲ. ಅಜ್ಜಿ ಎರಡು ದಿನ ಊಟ ಮಾಡಲಿಲ್ಲ. ಈಗಲೂ ಗಂಜಿ ನೀರು ಅಷ್ಟೇ.

ಅಜ್ಜಿ ಇದನ್ನೆಲ್ಲ ಬರೆ ಎಂದು ಜನವರಿಯಲ್ಲೇ ಹೇಳಿದ್ದಳು. ನಾನು ಬರೆಯಲಿಲ್ಲ. ಪ್ರದರ್ಶನ ಅಂದರೆ ನೋಡಿ ವಾಪಸ್ ಕೊಡುವುದು ಎಂದುಕೊಂಡಿದ್ದೆ. ಆಮೇಲೆ ನೀವು ಮೂಢನಂಬಿಕೆ ಎಂದು ಬರೆದಿರಿ, ಕರಪತ್ರ ಎಂದಿರಿ. ನನ್ನ ಅಜ್ಜಿ ನಿಮ್ಮ ಕರಪತ್ರದಲ್ಲಿ ಹೆಸರಾಗುವುದು ಬೇಡ ಅನ್ನಿಸಿತು. ನಿಮ್ಮ ಕಣ್ಣಲ್ಲಿ ನಾನೂ ಕಡಿಮೆಯಾಗುವುದು ಬೇಡ ಅನ್ನಿಸಿತು. ಕೆಲಸ ಬೇಕಿತ್ತು ಅಕ್ಕ.

ರಂಜಿತಾ


ಮಡಿಕೇರಿ
12 ಮಾರ್ಚ್ 2025

ರಂಜಿತಾ,

ನಿನ್ನ ಕಾಗದವನ್ನು ಪ್ರೆಸ್ಸಿನಲ್ಲಿ ನಿಂತುಕೊಂಡೇ ಓದಿದೆ. ಆಮೇಲೆ ಕೂತೆ. ಮಾಲೀಕರು ಎರಡು ಸಲ ಕರೆದರಂತೆ, ನನಗೆ ಕೇಳಿಸಲಿಲ್ಲ.

ನಾನು ಅಳುತ್ತ ಕಟ್ಟಿದೆ. ಸಂತೋಷದಿಂದ ಅಳುತ್ತ. ಆ ಮೂರು ಸಂಜೆಗಳನ್ನು ನೆನೆದರೆ ನನ್ನ ಕೈಯನ್ನು ನಾನೇ ನೋಡಲಾರೆ.

ನಿನ್ನದು ಏನೂ ತಪ್ಪಿಲ್ಲ. ಮುಟ್ಟಬಾರದು ಎಂದು ನೀನು ಸ್ಪಷ್ಟವಾಗಿ ಬರೆದಿದ್ದೆ. ಕೇಳದೆ ಮಾರಿದವಳು ನಾನು. ಅಜ್ಜಿಯನ್ನು ಎತ್ತಿ ಹಿಡಿಯುತ್ತೇನೆಂದುಕೊಂಡು ಅಜ್ಜಿಯ ಒಂದು ಮಾತನ್ನೂ ಕೇಳಿಸಿಕೊಳ್ಳಲಿಲ್ಲ.

ಆ ಅಂಚನ್ನು ಬಿಚ್ಚಬಹುದೇ? ಅಜ್ಜಿಯನ್ನು ಕೇಳಿ ಹೇಳು. ಇನ್ನೊಂದು ಮಾತು, ಅಜ್ಜಿ ಹೇಳಿದ್ದನ್ನು ಈ ಸಲ ಹಾಗೇ ಬರೆ. ಒಂದು ಪದವನ್ನೂ ಬಿಡಬೇಡ.

ಧನುಶ್ರೀ


ಲೈನ್ ಮನೆ
16 ಮಾರ್ಚ್ 2025

ಅಕ್ಕ, ಅಜ್ಜಿ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಒಂದು ಪದವನ್ನೂ ಬಿಟ್ಟಿಲ್ಲ.

ಮಗಾ, ಬಿಚ್ಚೋಕಾಗಲ್ಲ. ಮಡಚಿ ಒಣಗಿದ ಓಲೆ ಬಿಚ್ಚಿದ್ರೆ ಮುರೀತದೆ. ಬಾಳೆ ಎಲೆ ಅಲ್ಲ ಅದು.

ನಿಂಗೆ ಕಥೆ ಬೇಕಲ್ಲ, ಕೇಳು. ನನ್ನ ಗಂಡ ಲಿಂಗ ಸತ್ತಿದ್ದು ಜಡಿಮಳೇಲಿ. ನಾನು ಊರಿಗೆಲ್ಲ ಚಾಪೆ ನೇಯೋಳು, ಅವತ್ತು ಮನೇಲಿ ಒಂದು ಚಾಪೆ ಇಲ್ಲ. ಎಲ್ಲ ಮಾರಿಬಿಟ್ಟಿದ್ದೆ. ಮಳೇಲಿ ಓಲೆ ಎಲ್ಲಿಂದ ತರ್ಲಿ? ಎಸ್ಟೇಟಿನ ಲೆಕ್ಕ ಬರೆಯೋ ರೈಟರು ಕಣದಿಂದ ಕಾಫಿ ಒಣಗಿಸೋ ನೀಲಿ ಟಾರ್ಪಾಲು ಕೊಟ್ರು. ಅದ್ರಲ್ಲಿ ಸುತ್ತಿದ್ವಿ. ಗುಂಡಿಗೆ ಇಳಿಸಿದ ಮೇಲೆ ಟಾರ್ಪಾಲು ವಾಪಸ್ ಬೇಕು ಅಂದ್ರು. ಎಳ್ದು ತೆಗೆದ್ವಿ. ತೋಡಿನ ನೀರಲ್ಲಿ ತೊಳ್ದು ಕೊಟ್ವಿ. ಲಿಂಗ ಹಾಗೇ ಹೋದ, ಮೈಮೇಲೆ ಮಳೆನೀರು. ಮುಂದಿನ ಪಿಕ್ಕಿಂಗಲ್ಲಿ ಅದೇ ಟಾರ್ಪಾಲಿನ ಮೇಲೆ ನಾನೇ ಕಾಫಿ ಹರವಿದೆ.

(ಅಕ್ಕ, ಟಾರ್ಪಾಲು ತೊಳೆದದ್ದು ನನಗೂ ಗೊತ್ತಿರಲಿಲ್ಲ. ಅಮ್ಮ ಎದ್ದು ಹೊರಗೆ ಹೋದಳು.)

ಅವತ್ತು ಅಂದ್ಕೊಂಡೆ, ನಾನು ನನ್ನ ಚಾಪೇಲೇ ಹೋಗ್ಬೇಕು. ಎರಡು ಬೇಸಿಗೆ ನೇಯ್ದೆ. ಅಷ್ಟು ಖುಷಿಯಾಗಿ ಏನನ್ನೂ ನೇಯ್ದಿಲ್ಲ ಮಗಾ. ಬೇರೆದೆಲ್ಲ ಯಾರದೋ ಅಳತೆ, ಯಾರದೋ ಅವಸರ. ಇದು ನನ್ನ ಅಳತೆ. ತಪ್ಪಾದ್ರೆ ಬಿಚ್ಚೋದು, ಮತ್ತೆ ನೇಯೋದು. ಪತಂಗದ ಮರದ ಚಕ್ಕೆ ಬೇಯ್ಸಿ ಕೆಂಪು ಮಾಡಿದೆ. ಅದೇನೋ ಮೆರವಣಿಗೆ ಅಂತ ಬರ್ದಿದ್ಯಲ್ಲ, ಅದು ಕೋಳಿ ಕಾಲು. ಲಿಂಗನಿಗೆ ಕೋಳಿ ಸಾಕೋ ಆಸೆ ಇತ್ತು, ರೈಟರು ಬಿಡ್ಲಿಲ್ಲ. ಅದಕ್ಕೆ ಇಷ್ಟೊಂದು ಕೋಳಿ ಬಿಟ್ಟೆ. ಆ ಕಡೆಗೆ ಹೋಗ್ಲಿ, ಅವನು ಸಾಕ್ಕೊಳ್ಳಲಿ ಅಂತ.

ಈಗ ನನ್ನ ಹತ್ರ ಚಾಪೆ ಇಲ್ಲ. ಮಳೆ ಬರ್ತದೆ. ಅದೊಂದೇ ಹೆದರಿಕೆ.

ಬೊಳ್ಳಮ್ಮ ನಿನ್ನ ಬೈತಾಳೆ. ನಾನೂ ಮೊದ್ಲು ಬೈದೆ. ಆಮೇಲೆ ಯೋಚ್ನೆ ಮಾಡ್ದೆ. ಅಂಚು ಕಟ್ಟೋರು ಮಕ್ಕಳು. ನೀನು ಕಟ್ಬಿಟ್ಟಿದೀಯ. ಈಗ ನಿಂಗೆ ಬಿಡುಗಡೆ ಇಲ್ಲ. ಮಗಳಾದೋಳು ಬಂದು ಚಾಪೆ ಕೊಡ್ಬೇಕು. ದುಡ್ಡು ತರ್ಬೇಡ. ಕೈ ತಗೊಂಡು ಬಾ.


ಮಡಿಕೇರಿ
31 ಮಾರ್ಚ್ 2025

ರಂಜಿತಾ, ಅಜ್ಜಿಗೆ ಓದಿ ಹೇಳು.

ಚಾಪೆ ನನ್ನ ಹತ್ತಿರ ಇದೆ. ಭಾನುವಾರ ತರುತ್ತೇನೆ, ಒಂದು ತಿಂಗಳ ರಜೆ ಹಾಕಿ ಬರುತ್ತೇನೆ. ಮುಂಡುಗ ಎಲ್ಲಿ ಬೆಳೆಯುತ್ತದೆ ಎಂದು ನೋಡಿಡು.

ಅದನ್ನು ಹೇಗೆ ತಂದೆ ಎಂದು ಹೇಳಬೇಕು, ಯಾಕೆಂದರೆ ನನಗೆ ನನ್ನ ಮೇಲೇ ನಂಬಿಕೆ ಹೋಗಿದೆ. ಹೋಂಸ್ಟೇಯವರು ಅದನ್ನು ಮಂಚದ ಹಿಂದಿನ ಗೋಡೆಗೆ ಮೊಳೆ ಹೊಡೆದು ಹಾಕಿದ್ದರು, ಹೊಸದಾಗಿ ಮದುವೆಯಾದವರಿಗೆ ಕೊಡುವ ಕೋಣೆಯಲ್ಲಿ. ಅದರ ಮುಂದೆ ಜೋಡಿಗಳು ಫೋಟೋ ತೆಗೆಸಿಕೊಳ್ಳುತ್ತಾರಂತೆ. ನಾನು ಬಾಗಿಲಲ್ಲೇ ನಿಂತೆ.

ಅರ್ಧ ಗಂಟೆ ವಾದ ಮಾಡಿದೆ. ದುಡಿದವರ ಹಕ್ಕು ಎಂದೆ, ಕೈಯ ಘನತೆ ಎಂದೆ. ಕೊಟ್ಟ ಹಣ ವಾಪಸ್ ತಗೊಳ್ಳಿ ಎಂದೆ. ಅವರು ಕಾಫಿ ತರಿಸಿ ಕೊಟ್ಟರು. "ಚೆನ್ನಾಗಿ ಮಾತಾಡ್ತೀರಾ, ಆದ್ರೆ ಕೊಟ್ಟದ್ದು ಕೊಟ್ಟದ್ದೇ ಅಲ್ವಾ" ಎಂದು ನಕ್ಕರು.

ಕೊನೆಗೆ ಬಾಯಿ ತಪ್ಪಿ ಬಂತು. "ಸರ್, ಇದು ಹೆಣ ಸುತ್ತೋ ಚಾಪೆ."

ಅವರು ಗೋಡೆಯಿಂದ ದೂರ ಸರಿದರು. "ಏನ್ರೀ! ಮೊದ್ಲೇ ಹೇಳೋದಲ್ವಾ! ಮೂರು ಜೋಡಿ ಇಲ್ಲಿ ಮಲಗೆದ್ದು ಹೋಗಿದಾರಲ್ರೀ!" ಎಂದು ಕೂಗಿ, ತಾವೇ ಸ್ಟೂಲ್ ಹತ್ತಿ ಮೊಳೆ ಕಿತ್ತರು. ಚಾಪೆಯನ್ನು ಮುಟ್ಟದೆ ಕೋಲಿನಿಂದ ತಳ್ಳಿದರು. ನಾನು ಅವರ ಹಣವನ್ನು ಮಂಚದ ಮೇಲಿಟ್ಟು, ಚಾಪೆ ಹೊತ್ತುಕೊಂಡು ಗೇಟಿನವರೆಗೆ ಬಂದ ಮೇಲೆ ಹಿಂದೆ ನೀರು ಹಾಕಿ ತೊಳೆಯುವ ಸದ್ದು ಕೇಳಿಸಿತು.

ನನ್ನ ಕರಪತ್ರಗಳೆಲ್ಲ ಸೇರಿ ಮಾಡಲಾಗದ್ದನ್ನು ಒಂದು ಹೆದರಿಕೆ ಮಾಡಿತು. ಆ ಹೆದರಿಕೆಯನ್ನು ಬಳಸಿದವಳು ನಾನೇ. ಇದನ್ನು ಯಾವ ಕರಪತ್ರದಲ್ಲಿ ಬರೆಯಲಿ?

ನಾಲ್ಕು ಮೂಲೆಯಲ್ಲೂ ಮೊಳೆಯ ತೂತಿದೆ. ಒಂದು ಕೋಳಿಯ ಕಾಲಿಗೂ ಬಿದ್ದಿದೆ. ಅಜ್ಜಿಯ ಕ್ಷಮೆ ಕೇಳುವುದಿಲ್ಲ, ಕೇಳುವುದು ಸುಲಭ. ಕೈ ತಗೊಂಡು ಬರುತ್ತಿದ್ದೇನೆ.

ಧನುಶ್ರೀ


ಲೈನ್ ಮನೆ
11 ಮೇ 2025

ಧನುಶ್ರೀ ಅಕ್ಕನಿಗೆ,

ನೀವು ಹೋಗಿ ಒಂದು ವಾರವಾಯಿತು. ಇಲ್ಲಿ ಏನಾಯಿತು ಎಂದು ಬರೆದರೆ ನಂಬುವುದಿಲ್ಲ.

ನೀವು ನೇಯ್ದ ಚಾಪೆಯನ್ನು ಅಟ್ಟಕ್ಕೆ ಹಾಕಿದ್ದೇವೆ. ಅದರ ಅಂಚನ್ನು ಕಟ್ಟಿಲ್ಲ, ನೋಡಿಕೊಂಡೇ ಇಟ್ಟೆ. ಅಮ್ಮನೂ ಈಗ ನಿಮ್ಮನ್ನು ಬೈಯುವುದಿಲ್ಲ. ಬೈದರೂ ಹೆಸರು ಹಿಡಿದು ಬೈಯುತ್ತಾಳೆ, ಮನೆಯವರನ್ನು ಬೈದ ಹಾಗೆ.

ನಿನ್ನೆ ಮಧ್ಯಾಹ್ನ ಕೆಲಸದಿಂದ ಬೇಗ ಬಂದೆ. ಬಾಗಿಲು ತೆರೆದಿತ್ತು. ಒಳಗೆ ನೋಡಿದರೆ ಅಜ್ಜಿ ಅವಳ ಹಳೆಯ ಚಾಪೆಯ ಮೇಲೆ ನೆಟ್ಟಗೆ ಮಲಗಿದ್ದಾಳೆ. ಅದೇ ಚಾಪೆ, ಅಂಚು ಕಟ್ಟಿದ್ದು. ಕಣ್ಣು ಮುಚ್ಚಿದೆ. ಕೈ ಎರಡೂ ಎದೆಯ ಮೇಲೆ. ಕೋಳಿ ಹೆಜ್ಜೆಗಳು ಅವಳ ಕಾಲಿನಾಚೆ ಹೋಗುತ್ತಿವೆ. ಅಕ್ಕ, ನಾನು ಚೀರಿದ್ದು ಕಣದವರೆಗೂ ಕೇಳಿಸಿತಂತೆ. ಅಮ್ಮ ಬಿದ್ದು ಎದ್ದು ಓಡಿ ಬಂದಳು, ಲೈನಿನವರೆಲ್ಲ ಬಂದರು.

ಅಜ್ಜಿ ಒಂದು ಕಣ್ಣು ತೆರೆದಳು.

"ಏನೇ ಬಡ್ಕೋತೀಯ? ಹಗಲು ಹೊತ್ತು ಸ್ವಲ್ಪ ಕಣ್ಣು ಮುಚ್ಚೋಕೂ ಬಿಡಲ್ವಾ?"

ಅಮ್ಮ ಅವಳ ಪಕ್ಕದಲ್ಲೇ ಕೂತುಬಿಟ್ಟಳು. "ಅದ್ರ ಮೇಲೆ ಯಾಕವ್ವ ಮಲಗ್ದೆ? ನಮ್ಮನ್ನ ಕೊಲ್ಲೋಕಾ?"

"ಇನ್ನೇನ್ ಮಾಡ್ಲಿ? ಅಂಚು ಕಟ್ಟಿದ್ದಾಯ್ತು, ಇನ್ನು ಇದು ಸಾಯೋಕೆ ಬರಲ್ಲ. ಮಲಗೋಕಾದ್ರೂ ಬರ್ಲಿ ಅಂದ್ಕೊಂಡೆ. ಎಷ್ಟು ತಣ್ಣಗಿದೆ ಗೊತ್ತಾ! ನಾನು ಇಷ್ಟು ಚೆನ್ನಾಗಿ ನೇಯ್ತೀನಿ ಅಂತ ನಂಗೇ ಗೊತ್ತಿರಲಿಲ್ಲ. ಅರವತ್ತು ವರ್ಷ ಗೋಣಿ ಮೇಲೆ ಬಿದ್ಕೊಂಡಿದ್ನಲ್ಲ, ಯಾರಾದ್ರೂ ಹೇಳ್ಬಾರ್ದಾ?" ಎಂದಳು.

ನೀವು ಮೊದಲನೇ ಕಾಗದದಲ್ಲೇ ಹೇಳಿದ್ದಿರಿ ಎಂದೆ. "ಹೌದಾ? ಅವಳು ಕಿರಿಚಿ ಹೇಳ್ತಾಳೆ, ಅದಕ್ಕೆ ಕೇಳ್ಸಲ್ಲ" ಎಂದಳು.

ಮೂರನೇ ಮನೆಯವರು ಸಂಜೆ ಬಂದು ಮೊರ ಮತ್ತೆ ಇಸ್ಕೊಂಡು ಹೋದರು.

ಇನ್ನು ನಿಮ್ಮ ಚಾಪೆಯ ವಿಷಯ. ಅಜ್ಜಿ ಅದನ್ನು ಅಟ್ಟದಿಂದ ಇಳಿಸಿ ಬೆಳಕಿಗೆ ಹಿಡಿದು ನೋಡಿದಳು. ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಈ ಕಡೆ ಅಗಲ, ಆ ಕಡೆ ಕಿರಿದು. ನಡುವೆ ಬೆಕ್ಕು ನುಗ್ಗಬಹುದು. ಇದ್ರಲ್ಲಿ ಹೋದ್ರೆ ಲಿಂಗ ನಗ್ತಾನೆ. ಇದ್ರಲ್ಲಿ ನಾನು ಸಾಯಲ್ಲ ಅಂತ ಬರಿ. ಮುಂದಿನ ಬೇಸಿಗೆಗೆ ಬಂದು ಇನ್ನೊಂದು ನೇಯ್ಲಿ. ಅದೂ ಚೆನ್ನಾಗಿಲ್ದಿದ್ರೆ ಅದರ ಮುಂದಿನ ಬೇಸಿಗೆ. ನಂಗೇನೂ ಅವಸರ ಇಲ್ಲ."

ನಾನೂ ಓಲೆಯ ಮುಳ್ಳು ತೆಗೆಯಲು ಕಲಿಯುತ್ತಿದ್ದೇನೆ.

ರಂಜಿತಾ


ಮಡಿಕೇರಿ
18 ಮೇ 2025

ರಂಜಿತಾ,

ನಿನ್ನ ಕಾಗದದ ನಡುವಿನ ಸಾಲುಗಳನ್ನು ಓದುವಾಗ ನನ್ನ ಉಸಿರೂ ನಿಂತಿತ್ತು. ಅಜ್ಜಿ ಕಣ್ಣು ತೆರೆದ ಸಾಲಿಗೆ ಬಂದು ಪ್ರೆಸ್ಸಿನಲ್ಲಿ ಎಲ್ಲರ ಮುಂದೆ ಅತ್ತೆ, ನಕ್ಕೆ. ಮಾಲೀಕರು ನನಗೆ ಇನ್ನೊಂದು ವಾರ ರಜೆ ಕೊಡಲೇ ಎಂದು ಕೇಳಿದರು.

ಇಲ್ಲಿ ಮಳೆ ಶುರುವಾಗಿದೆ. ಆ ಸೊಟ್ಟ ಚಾಪೆ ಅಟ್ಟದಲ್ಲೇ ಇರಲಿ, ತೆಗೆಯಬೇಡಿ. ಮಳೆಗಾಲ ದಾಟುವವರೆಗೆ ಅದು ಅಲ್ಲಿ ಇದೆ ಎಂಬುದಷ್ಟೇ ಸಾಕು.

ಅಜ್ಜಿಗೆ ಹೇಳು, ಮುಂದಿನ ಬೇಸಿಗೆಗೆ ಬರುತ್ತೇನೆ. ಹಾಗೆಯೇ ಇದನ್ನೂ ಹೇಳು, ಮೆಲ್ಲಗೆ ಹೇಳು, ನಾನು ಕಿರಿಚುತ್ತಿಲ್ಲ. ಅವರಿಗೆ ಒಪ್ಪುವ ಚಾಪೆ ನನ್ನ ಕೈಯಿಂದ ಬರುವವರೆಗೆ ಅವರು ಇರುತ್ತಾರೆಂದಾದರೆ, ನಾನು ಬಹಳ ನಿಧಾನವಾಗಿ ಕಲಿಯುವವಳು.

ಧನುಶ್ರೀ